ಮನೆಗಳಿಗೆ ನಂಬರು ಹೊಡೆಯುವ ಮಹನೀಯರಿಗೆ

ಬೆಂಗಳೂರಿನ ಮನೆ, ಬೀದಿಗಳಿಗೆ ನಂಬರು ಹೊಡೆಯುವ ಮಹನೀಯರೇ,

ನಿಮ್ಮ ವಿಳಾಸ ಪೂರ್ತಿ ಸಿಗಲಿಲ್ಲ. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ‘3ನೇ ಕ್ರಾಸ್’, ಇಷ್ಟು ಗೊತ್ತಿದ್ದರೆ ಉಳಿದದ್ದನ್ನು ಹುಡುಕಿಕೊಳ್ಳಬಹುದು ಎಂದು ಹೊರಗಿನವರು ನಂಬಿದ್ದಾರೆ, ಪಾಪ. ಈ ಊರಿನಲ್ಲಿ ಬಡಾವಣೆಗೊಂದು 3ನೇ ಕ್ರಾಸ್ ಸಾಲದೆಂದು ಬ್ಲಾಕಿಗೊಂದು, ಸ್ಟೇಜಿಗೊಂದು ಇಟ್ಟಿದ್ದೀರಿ. ಜಯನಗರದಲ್ಲಿ 4ನೇ ಬ್ಲಾಕ್ ಇದೆ, 4ನೇ ‘ಟಿ’ ಬ್ಲಾಕೂ ಇದೆ. ಆ ‘ಟಿ’ ಒಂದು ಬಿಟ್ಟುಹೋದರೆ ಲಕೋಟೆ ಬೇರೆ ಬೀದಿ ಅಲೆಯುತ್ತದೆ. ಗೇಟಿನ ಹತ್ತಿರ ಬಂದರೆ ಇನ್ನೂ ಸೊಗಸು. ಮೇಲೆ ಸೈಟ್ ನಂಬರು, ಅದರ ಕೆಳಗೆ ‘ಹಳೇ ನಂ.’, ಅದಕ್ಕೂ ಕೆಳಗೆ ಬೇರೆ ಬಣ್ಣದಲ್ಲಿ ‘ಹೊಸ ನಂ.’. 41ರ ಪಕ್ಕದ್ದು 42 ಎಂದುಕೊಂಡವನು ಕೆಟ್ಟ. ಕೊನೆಗೆ ಮನೆ ತೋರಿಸುವುದು ಅಯ್ಯಂಗಾರ್ ಬೇಕರಿ.

ಪಿನ್‌ಕೋಡ್ ಇದೆಯಲ್ಲ ಎನ್ನುತ್ತೀರಿ. ಶ್ರೀರಾಮ ಭಿಕಾಜಿ ವೇಲಣಕರ ರೂಪಿಸಿದ ಆ ಆರು ಅಂಕಿ 1972ರ ಆಗಸ್ಟ್ 15ರಂದು ಜಾರಿಗೆ ಬಂದದ್ದೇ ಒಂದೇ ಹೆಸರಿನ ಊರುಗಳ ಗೊಂದಲ ಬಿಡಿಸಲು. 560 ಎಂದರೆ ಬೆಂಗಳೂರು. ಮುಂದಿನ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿಯದು. ಅಲ್ಲಿಗೆ ಅದರ ಹೊಣೆ ಮುಗಿಯಿತು. 560003 ಕಾಗದವನ್ನು ಮಲ್ಲೇಶ್ವರಕ್ಕೆ ಮುಟ್ಟಿಸುತ್ತದೆ, ಬಾಗಿಲಿಗೆ ಮುಟ್ಟಿಸುವುದು ಆ ಬೀಟಿನ ಪೋಸ್ಟ್‌ಮ್ಯಾನ್‌ನ ನೆನಪು. ಆತನಿಗೆ ವರ್ಗವಾದರೆ ಬಂದ ಹೊಸಬ ‘ಅಪೂರ್ಣ ವಿಳಾಸ’ ಎಂದು ಷರಾ ಬರೆದು ವಾಪಸ್ ಕಳಿಸುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಇನ್ನು 2025ರಲ್ಲಿ ಅಂಚೆ ಇಲಾಖೆ ತಂದ ಡಿಜಿಪಿನ್ ದೇಶವನ್ನು ಸುಮಾರು 4 ಮೀಟರಿನ ಚೌಕಗಳಾಗಿ ಹೆಚ್ಚಿ, ಒಂದೊಂದಕ್ಕೂ 10 ಅಕ್ಷರ-ಅಂಕಿಗಳ ಗುರುತು ಕೊಟ್ಟಿದೆ. ಒಳ್ಳೆಯದೇ. ಆದರೆ ಅದನ್ನು ತೆಗೆಯಲು ಮನೆ ಎಲ್ಲಿದೆಯೆಂದು ಮೊದಲೇ ಗೊತ್ತಿರಬೇಕು. ಗೊತ್ತಿದ್ದರೆ ಹುಡುಕುವುದೇಕೆ? ಮೇಲಾಗಿ ನೆಲಮಹಡಿಗೂ ಹತ್ತನೇ ಮಹಡಿಗೂ ಅದೇ ಡಿಜಿಪಿನ್. ಬೇಕರಿಯೇ ವಾಸಿ.

ಅರ್ಧ ವಿಳಾಸದಿಂದ ಪೂರ್ತಿ ವಿಳಾಸ ಸಿಗುವಂತಾದರೆ ಬೆನ್ನುಬಿದ್ದು ಕಾಡುವವರೂ ಬಾಗಿಲಿಗೆ ಬರುತ್ತಾರೆ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಹೆಸರು, ಮನೆ, ಫೋನು ಒಟ್ಟಿಗೆ ಅಚ್ಚಾಗುತ್ತಿದ್ದ ಆ ದಪ್ಪ ಟೆಲಿಫೋನ್ ಡೈರೆಕ್ಟರಿ ಮತ್ತೆ ಬರಲಿ ಎಂದು ಕೇಳುತ್ತಿಲ್ಲ. ಯಾರು ಎಲ್ಲಿದ್ದಾರೆಂದು ನೀವು ಹೇಳಲೇಬೇಡಿ. ‘ಹಳೇ ನಂ. 41’ಕ್ಕೆ ಈಗ ಯಾವ ನಂಬರು, ಅದು ಯಾವ ಬ್ಲಾಕಿನ ಯಾವ ಕ್ರಾಸು, ಅಷ್ಟು ಹೇಳಿ. ಅದರಲ್ಲಿ ಯಾರ ಗುಟ್ಟೂ ರಟ್ಟಾಗುವುದಿಲ್ಲ.

ಊರು ಅಡ್ಡಾದಿಡ್ಡಿ ಬೆಳೆಯಿತು, ಲೆಕ್ಕ ಸಿಗುತ್ತಿಲ್ಲ ಎನ್ನಬೇಡಿ. ಲೆಕ್ಕ ನಿಮ್ಮಲ್ಲೇ ಇದೆ. ಆಸ್ತಿ ತೆರಿಗೆಯ ಪಿಐಡಿ ಸಂಖ್ಯೆ ನೋಡಿ: ಮೊದಲು ವಾರ್ಡು, ಆಮೇಲೆ ಬೀದಿ, ಆಮೇಲೆ ನಿವೇಶನ. ಅಂದರೆ ತೆರಿಗೆ ಪುಸ್ತಕದಲ್ಲಿ ಒಂದು 3ನೇ ಕ್ರಾಸನ್ನು ಇನ್ನೊಂದರಿಂದ ಬೇರೆ ಮಾಡಿಟ್ಟಿದ್ದೀರಿ. ವಸೂಲಿಗಾದರೆ ಇಷ್ಟು ಅಚ್ಚುಕಟ್ಟು, ಕಾಗದ ತಲುಪುವುದಕ್ಕಾದರೆ ಬೇಕರಿ ಎದುರು! ಪಿಐಡಿ ಹಾಕಿ ಹುಡುಕಿ ಎನ್ನುತ್ತೀರಾ? ಮನೆ ನಂಬರೇ ಗೊತ್ತಿಲ್ಲದವನಿಗೆ ಪಿಐಡಿ ಯಾರು ಕೊಡುತ್ತಾರೆ? ನಾಚಿಕೆಯಾಗಬೇಕು. ಕೆಲಸದ ಆದೇಶ, ಕೋರ್ಟಿನ ನೋಟಿಸು, ಪಿಂಚಣಿಯ ಕಾಗದ, ಇಂಥವೂ ಹೀಗೆ ವಾಪಸ್ ಹೋಗುತ್ತವೆ. ನಂಬರು ಬದಲಿಸಿದವರು ನೀವು, ವಿಳಾಸ ಸರಿಯಾಗಿ ಬರೆದಿಲ್ಲ ಎಂಬ ಅಪವಾದ ಮಾತ್ರ ಕಳಿಸಿದವನ ತಲೆಗೆ.

ಇದ್ದ ಒಂದು ಪಾಲಿಕೆ 2025ರಲ್ಲಿ ಐದಾಗಿದೆ. ಐದು ಕಡೆಯಿಂದ ಐದು ಬಣ್ಣದ ಡಬ್ಬಿ ಹಿಡಿದು ‘ಇನ್ನೂ ಹೊಸ ನಂ.’ ಬರೆಯಲು ಹೊರಡುವ ಮೊದಲು ಎರಡು ಕೆಲಸ ಮಾಡಿ. ಹಳೇ ನಂಬರಿನ ಎದುರು ಹೊಸ ನಂಬರಿರುವ ಬೀದಿವಾರು ಪಟ್ಟಿಯನ್ನು ಆಯಾ ಅಂಚೆ ಕಚೇರಿಯ ಗೋಡೆಗೆ ಅಂಟಿಸಿ. ಪ್ರತಿ ಕ್ರಾಸಿನ ಎರಡೂ ತುದಿಗೆ ಬಡಾವಣೆ, ಬ್ಲಾಕು, ಪಿನ್‌ಕೋಡ್ ಬರೆದ ಬೋರ್ಡು ನಿಲ್ಲಿಸಿ, ಅದರ ಮೇಲೆ ಯಾರ ಹುಟ್ಟುಹಬ್ಬದ ಫ್ಲೆಕ್ಸೂ ಬೀಳದಂತೆ ನೋಡಿಕೊಳ್ಳಿ.

ಇತಿ,
ತೆರಿಗೆ ಬಾಕಿ ಇಲ್ಲದ ಒಬ್ಬ ನಾಗರಿಕ