ಯಾವಗಲ್ ಸ್ಟಾರ್ಟಪ್ ಮೀಮಾಂಸೆ

ನಿರುಕ್ತ

ಗದಗ ಜಿಲ್ಲೆಯ ರೋಣ ತಾಲೂಕಿನ ಯಾವಗಲ್ ಎಂಬ ಊರ ಹೆಸರಿನ ಬಗ್ಗೆ ಪ್ರಸ್ತುತ ಸಂಶೋಧಕನ ಮತ ಹೀಗಿದೆ: ‘ಯಾವಾಗ ಲಾಭ?’ ಎಂಬ ಪ್ರಶ್ನೆಯೇ ನಾಲಿಗೆಯ ಮೇಲೆ ಸವೆದು ಯಾವಗಲ್ ಆಯಿತು. ಭಕಾರ ಎಲ್ಲಿ ಲೋಪವಾಯಿತೆಂದು ವೈಯಾಕರಣರು ಕೇಳಬಾರದು. ಲಾಭ ಹೋದ ದಾರಿಯಲ್ಲೇ ಅದೂ ಹೋಯಿತು.

ಪೂರ್ವಪಕ್ಷ

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ಯಾವಗಲ್ಲಿನ ವಟುವೊಬ್ಬ ಕಡಲೆ ಮಾರುವ ಆ್ಯಪ್ ಮಾಡಿದ. ವಿದ್ಯಾರ್ಥಿ ಉದ್ಯಮಿಯ ಪಂಚಲಕ್ಷಣಗಳು ಅವನಲ್ಲಿದ್ದವು: ಹೆಸರು, ಲೋಗೊ, ವಿಸಿಟಿಂಗ್ ಕಾರ್ಡು, ಸಿಇಒ ಪದವಿ, ಎರಡು ಬ್ಯಾಕ್‌ಲಾಗ್. ಗಿರಾಕಿ ಮಾತ್ರ ಪ್ರತ್ಯಕ್ಷ ಪ್ರಮಾಣಕ್ಕೆ ಸಿಕ್ಕಿರಲಿಲ್ಲ. ಅನುಮಾನ ಪ್ರಮಾಣದಿಂದ ಸಿದ್ಧನಾಗಿದ್ದ. ‘ದೇಶದಲ್ಲಿ ಕಡಲೆ ತಿನ್ನುವವರಲ್ಲಿ ನೂರಕ್ಕೊಬ್ಬರು ಬಂದರೂ ಸಾಕು’ ಎಂಬುದೇ ಆ ಅನುಮಾನ.

ಬಂಡವಾಳಕ್ಕೆ ಪೂರ್ವಾಚಾರದ ಬಲವಿದೆ. 1981ರಲ್ಲಿ ಇನ್ಫೋಸಿಸ್ ಹುಟ್ಟಿದ್ದು ನಾರಾಯಣ ಮೂರ್ತಿಯವರು ಹೆಂಡತಿಯಿಂದ ಪಡೆದ 10,000 ರೂಪಾಯಿಯಿಂದ. ಆ ಸುಧಾ ಮೂರ್ತಿಯವರು ಎಂಜಿನಿಯರಿಂಗ್ ಓದಿದ್ದೂ ಹುಬ್ಬಳ್ಳಿಯಲ್ಲೇ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ ಆಯ್ದವರಿಗೆ 50 ಲಕ್ಷದವರೆಗೆ ಅನುದಾನ ಕೊಡುತ್ತದೆ. ವಟುವಿಗೆ ಅನುದಾನ ಇನ್ನೂ ಬಂದಿಲ್ಲ, ಹೆಂಡತಿಯೂ ಬಂದಿಲ್ಲ. ಆದ್ದರಿಂದ ಅಜ್ಜನ ಬಳಿ ಹೋದ.

“ಲಾಭ ಯಾವಾಗಪಾ?”

“ಮೊದಲ ಸ್ಕೇಲ್ ಆಗಬೇಕಜ್ಜಾ.”

“ಸಾಲ್ಯಾಗಿದ್ದಾಗ ಒಂದು ಕೊಡಿಸಿದ್ನಲ್ಲೋ, ಕಳಕೊಂಡಿಯೇನು?”

ಸಿದ್ಧಾಂತ

ವಟು ರನ್‌ವೇ ಎಂಬ ತತ್ತ್ವವನ್ನು ಬೋಧಿಸಿದ: ಕೈಯಲ್ಲಿರುವ ದುಡ್ಡು ಎಷ್ಟು ತಿಂಗಳು ಬಾಳುತ್ತದೆ ಎಂಬ ಲೆಕ್ಕ. ಎರೆ ಹೊಲದ ಅಜ್ಜ ನಕ್ಕ. ಹಿಂಗಾರಿ ಜೋಳ, ಕಡಲೆಗಳು ಮಳೆ ನಿಂತ ಮೇಲೆ ನೆಲದೊಳಗಿನ ಹಸಿಯನ್ನೇ ಕುಡಿದು ಕಾಳುಗಟ್ಟುತ್ತವೆ. ಹಸಿ ನೋಡದೆ ಕೂರಿಗೆ ಹೂಡುವವನನ್ನು ಊರು ಸಿಇಒ ಎನ್ನುವುದಿಲ್ಲ.

ಬಳಿಕ ‘ಪ್ರೈವೇಟ್ ಲಿಮಿಟೆಡ್’, ಅಂದರೆ ಮಿತಿಯುಳ್ಳ ಹೊಣೆಯ ವಿಚಾರ. ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ಸಹಕಾರ ಪತ್ತಿನ ಸಂಘ ಕಟ್ಟಿದರು. ಅದರ ಹಿಂದಿದ್ದ 1904ರ ಕಾಯ್ದೆಯ ಪ್ರಕಾರ ಗ್ರಾಮೀಣ ಸಂಘದ ಸದಸ್ಯರ ಹೊಣೆ ಅಪರಿಮಿತ: ಸಂಘ ಮುಳುಗಿದರೆ ಪ್ರತಿಯೊಬ್ಬನ ಹೊಲಮನೆಗೂ ಕುತ್ತು. ಆದ್ದರಿಂದ ಯಾರಿಗೆ ಸಾಲ ಕೊಡಬೇಕೆಂದು ಪಿಚ್ ಕೇಳಿ ಅಲ್ಲ, ಆಳನ್ನು ನೋಡಿ ನಿರ್ಧರಿಸಬೇಕಿತ್ತು. ಹೊಣೆಗೆ ಮಿತಿ ಹಾಕಿ ಕನಸನ್ನು ಅನ್‌ಲಿಮಿಟೆಡ್ ಮಾಡಿದ್ದು ಬೇರೆ ಆಚಾರ್ಯರ ಪಾಠಾಂತರ.

ಫಲಶ್ರುತಿ

ಅಜ್ಜ ರೊಕ್ಕ ಕೊಡಲಿಲ್ಲ, ಒಂದು ಚೀಲ ಕಡಲೆ ಕೊಟ್ಟ. “ಮಾರಿ ಬಾ.” ವಟು ಗದಗಿಗೆ ಹೋಗಿ ಮಿರ್ಚಿ ಭಜಿ ಅಂಗಡಿಯ ಮುಂದೆ ಚೀಲ ಇಳಿಸಿ ಲ್ಯಾಪ್‌ಟಾಪ್ ತೆರೆದ. ಭಜಿ ಕರಿಯುತ್ತಿದ್ದಾಕೆ ತಲೆ ಎತ್ತದೆ ಅಂದಳು: “ಕಡ್ಲಿ ತಗೊಂಡ್ ನಾ ಏನ್ ಮಾಡ್ಲೋ ತಮ್ಮಾ? ಹಿಟ್ಟು ಬೇಕು. ಯಾವಾಗ ಕೊಡ್ತಿ?”

ಗಿರಾಕಿ ಪ್ರತ್ಯಕ್ಷಳಾದಳು. ವಟು ಲ್ಯಾಪ್‌ಟಾಪ್ ಮುಚ್ಚಿ ಗಿರಣಿ ಎಲ್ಲಿದೆಯೆಂದು ವಿಚಾರಿಸಿದ. ಊರ ಹೆಸರಿನ ಮೂಲ ‘ಯಾವಾಗ ಲಾಭ’ ಅಲ್ಲ, ‘ಯಾವಾಗ ಕೊಡ್ತಿ’ ಎಂದು ತಿದ್ದಿಕೊಳ್ಳತಕ್ಕದ್ದು. ಲಕಾರ ಎಲ್ಲಿಂದ ಬಂತೆಂದು ಕೇಳುವವರು ಮೊದಲು ಹಿಟ್ಟು ತಲುಪಿಸಿ ಬರಲಿ.