ಸ್ಟಾಕು ಹುಡುಕುವ ಗೃಹರಕ್ಷಕ

ಅಮೆರಿಕದ ಊರಾಚೆಯ ಬಡಾವಣೆಗಳಲ್ಲಿ ಒಬ್ಬ ಗೃಹಸ್ಥನಿದ್ದಾನೆ. ಓಹಾಯೋದಲ್ಲೂ ಇದ್ದಾನೆ, ಟೆಕ್ಸಾಸಿನಲ್ಲೂ ಇದ್ದಾನೆ. ನಲವತ್ತರ ಆಚೀಚಿನ ವಯಸ್ಸು, ಮುಂದೆ ಬಂದ ಹೊಟ್ಟೆ, ಅರ್ಧ ತೀರಿದ ಮನೆಸಾಲ. ಒಂದಲ್ಲ ಒಂದು ರಾತ್ರಿ ತನ್ನ ಮನೆಗೆ ಕಳ್ಳ ಬಂದೇ ಬರುತ್ತಾನೆ ಎಂದು ಅವನು ನಂಬಿದ್ದಾನೆ. ಅದನ್ನು ಭಯವೆನ್ನಲು ನಾಲಿಗೆ ಏಳದು. ಭಯಪಟ್ಟವನ ಮುಖದಲ್ಲಿ ಅಷ್ಟು ಉತ್ಸಾಹ ಇರುವುದಿಲ್ಲ. ಬರಲಿರುವ ಆ ಅತಿಥಿಗಾಗಿ ಅವನು ಒಂದು ಪಂಪ್ ಆ್ಯಕ್ಷನ್ ಕೋವಿ, ಅಂದರೆ ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆಮುಂದೆ ಎಳೆದು ತೋಟಾ ಏರಿಸುವ ಶಾಟ್‌ಗನ್, ಕೊಳ್ಳಲು ಹೊರಟಿದ್ದಾನೆ. ಅಂಗಡಿಗೆ ಹೋಗಿ ಕೊಳ್ಳುವುದು ಒಂದು ಸಂಜೆಯ ಕೆಲಸ, ಆದರೆ ಆರಿಸುವುದು ಮಾತ್ರ ಮುಗಿಯುವುದೇ ಇಲ್ಲ. ಅವನು ಆರಿಸುತ್ತಿರುವುದು ಕೋವಿಯನ್ನಲ್ಲ, ಕೋವಿ ಹಿಡಿದ ತನ್ನ ಭಾವಚಿತ್ರವನ್ನು ಎಂಬುದು ನನ್ನ ವಾದ. ಇದಕ್ಕೆ ಸಾಕ್ಷಿ ನಳಿಗೆಯಲ್ಲಿ ಸಿಗುವುದಿಲ್ಲ. ಭುಜಕ್ಕೆ ಆನಿಸುವ ಹಿಂಭಾಗದಲ್ಲಿ, ಅಂದರೆ ಸ್ಟಾಕಿನಲ್ಲಿ ಸಿಗುತ್ತದೆ.

ಕೋವಿಯ ಪ್ರಶ್ನೆ ಇತ್ಯರ್ಥವಾಗಿ ಎಷ್ಟೋ ಕಾಲವಾಯಿತು. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ ಪಂಪ್ ಕೋವಿ 1897ರದು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಅದರ ಏಟು ತಿಂದ ಜರ್ಮನಿ 1918ರಲ್ಲಿ ಇದು ಯುದ್ಧಧರ್ಮವಲ್ಲ ಎಂದು ಪ್ರತಿಭಟನಾ ಪತ್ರವನ್ನೇ ಕಳಿಸಿತ್ತು. ಆಮೇಲೆ 1950ರಲ್ಲಿ ರೆಮಿಂಗ್ಟನ್ 870 ಬಂತು, ಅರವತ್ತರ ದಶಕದ ಆರಂಭದಲ್ಲಿ ಮಾಸ್‌ಬರ್ಗ್ 500 ಬಂತು. 870 ಒಂದು ಕೋಟಿಗೂ ಮಿಕ್ಕಿ ತಯಾರಾಗಿದೆ. ರೆಮಿಂಗ್ಟನ್ ಕಂಪನಿ 2018ರಲ್ಲೂ 2020ರಲ್ಲೂ ದಿವಾಳಿ ಅರ್ಜಿ ಹಾಕಿತು. ಕೋವಿ ಮಾತ್ರ ದಿವಾಳಿಯಾಗಲಿಲ್ಲ. ಕಣ್ಣು ಮುಚ್ಚಿ ರೆಮಿಂಗ್ಟನ್, ಮಾಸ್‌ಬರ್ಗ್ ಎರಡರಲ್ಲಿ ಯಾವುದನ್ನು ಎತ್ತಿಕೊಂಡರೂ ನಷ್ಟವಿಲ್ಲ. ಇದೆಲ್ಲ ನಮ್ಮ ಗೃಹಸ್ಥನಿಗೆ ನಮಗಿಂತ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಆ ವಿಷಯದಲ್ಲಿ ಅವನಿಗೆ ರುಚಿಯಿಲ್ಲ. ಇತ್ಯರ್ಥವಾಗದ್ದು ಏನಾದರೂ ಬೇಕಲ್ಲ, ಅದಕ್ಕೇ ಸ್ಟಾಕಿಗೆ ಬಂದ.

ಸ್ಟಾಕಿನ ಕೆಲಸ ದೇಹಕ್ಕೆ ಒಗ್ಗುವುದು. ಹೊಲಿದ ಅಂಗಿಯಂತೆ ಅದಕ್ಕೆ ಅಳತೆಯಿದೆ: ಟ್ರಿಗರಿನಿಂದ ಭುಜಕ್ಕೆ ಆನುವ ತುದಿಯವರೆಗೆ ಕಾರ್ಖಾನೆಯ ಅಳತೆ ಸಾಮಾನ್ಯವಾಗಿ 14 ಇಂಚಿನ ಹತ್ತಿರ. ಅದು ಉದ್ದ ತೋಳಿನ ಗಂಡಸಿಗೆ ಸರಿ. ಎತ್ತರ ಕಡಿಮೆಯಿರುವವರಿಗೆ 12 ಅಥವಾ 13 ಇಂಚಿನದು ಬೇಕು, ಇಲ್ಲದಿದ್ದರೆ ಪಂಪನ್ನು ಪೂರ್ತಿ ಎಳೆಯಲು ಕೈಯೇ ಎಟುಕುವುದಿಲ್ಲ. ಮನೆಯಲ್ಲಿ ಕೋವಿ ಎತ್ತಬೇಕಾಗಿ ಬರಬಹುದಾದವರು ಇಬ್ಬರಿದ್ದರೆ ಗಿಡ್ಡವರ ಅಳತೆ ಹಿಡಿಯುವುದು ನ್ಯಾಯ, ಏಕೆಂದರೆ ಗಿಡ್ಡ ಸ್ಟಾಕನ್ನು ಉದ್ದದವರು ಹೇಗೋ ಸುಧಾರಿಸಬಲ್ಲರು. ಆದರೆ ಹೆಂಡತಿಯ ತೋಳಿನ ಅಳತೆ ತೆಗೆದುಕೊಂಡ ಗೃಹರಕ್ಷಕ ವಿರಳ. ಅವನ ಕಣ್ಣು ಬಿದ್ದಿರುವುದು ಭುಜಕ್ಕೆ ಆನದೇ ಇರುವ, ಬರೀ ಪಿಸ್ತೂಲಿನ ಹಿಡಿಯಂಥ ಕಪ್ಪು ಗಿಡ್ಡ ಹಿಡಿಯ ಮೇಲೆ. ಸಿನಿಮಾದಲ್ಲಿ ಸೊಂಟದಿಂದಲೇ ಈಡು ಹೊಡೆಯುವ ಆಸಾಮಿಗಳ ಕೈಯಲ್ಲಿ ಇರುತ್ತದಲ್ಲ, ಅದು. ಹನ್ನೆರಡು ಬೋರಿನ ಒದೆತವನ್ನು ಭುಜ ತಾಳುತ್ತದೆ, ಮಣಿಕಟ್ಟು ತಾಳುವುದಿಲ್ಲ. ಗುರಿಯಂತೂ ಕೇಳಬೇಡಿ. ಮಾಸ್‌ಬರ್ಗಿನ ಸೇಫ್ಟಿ ಗುಂಡಿ ಕೋವಿಯ ನೆತ್ತಿಯ ಮೇಲಿದೆ. ಸಾದಾ ಸ್ಟಾಕಿನಲ್ಲಿ ಅದು ಹೆಬ್ಬೆರಳಿನ ಕೆಳಗೇ ಬರುತ್ತದೆ, ಪಿಸ್ತೂಲು ಹಿಡಿ ಕೂಡಿಸಿದರೆ ಹೆಬ್ಬೆರಳು ಹಿಡಿತ ಬಿಟ್ಟು ಪ್ರಯಾಣ ಬೆಳೆಸಬೇಕು. 870ರಲ್ಲಿ ಗುಂಡಿ ಟ್ರಿಗರಿನ ಹಿಂದೆ ಇರುವುದರಿಂದ ಆ ತಾಪತ್ರಯವಿಲ್ಲ. ಎರಡು ಕೋವಿಗಳ ನಡುವೆ ಯೋಚಿಸಬೇಕಾದ ವ್ಯತ್ಯಾಸ ಇದೊಂದೇ, ಇದೊಂದನ್ನೇ ಅವನು ಯೋಚಿಸುವುದಿಲ್ಲ. ಈ ಚಪಲಕ್ಕೆ ಕಾನೂನೂ ಒಂದು ಕಿಂಡಿ ತೆರೆದಿದೆ. 18 ಇಂಚಿಗಿಂತ ಗಿಡ್ಡ ನಳಿಗೆಯ ಶಾಟ್‌ಗನ್‌ಗೆ 1934ರ ಕಾಯಿದೆಯಡಿ ನೋಂದಣಿ ಬೇಕು. ಮಾಸ್‌ಬರ್ಗ್ 2017ರಲ್ಲಿ ತಂದ ಶಾಕ್‌ವೇವ್‌ನ ನಳಿಗೆ 14 ಇಂಚಿನದು. ಹುಟ್ಟಿನಿಂದಲೇ ಭುಜದ ಸ್ಟಾಕು ಇಲ್ಲದ್ದರಿಂದ ಕಾನೂನಿನ ಕಣ್ಣಿಗೆ ಅದು ಶಾಟ್‌ಗನ್ನೇ ಅಲ್ಲ! ಅದಕ್ಕೆ ನೆಟ್ಟಗೆ ಹೊಡೆಯಲು ಬರುವಂಥ ಸ್ಟಾಕನ್ನು ನೋಂದಣಿ ಇಲ್ಲದೆ ಕೂಡಿಸಿದ ಕ್ಷಣಕ್ಕೆ ಅಪರಾಧ.

ಗುರಿ ಯಾಕೆ, ಚರೆ ಹರಡಿಕೊಳ್ಳುತ್ತದಲ್ಲ ಎಂದು ಅವನು ತಡೆಯುತ್ತಾನೆ. ದೊಡ್ಡ ಚರೆ ಗಜ ದೂರಕ್ಕೆ ಸುಮಾರು ಒಂದು ಇಂಚು ಹರಡುತ್ತದೆ ಎಂಬುದು ಬಳಕೆಯ ಲೆಕ್ಕ. ಮಲಗುವ ಕೋಣೆಯಿಂದ ಹಜಾರದ ತುದಿಗೆ ಏಳು ಗಜವಿದ್ದರೆ ಅದು ಒಂದು ಗೇಣೂ ಆಗಲಿಲ್ಲ. ತಪ್ಪಿದ ಚರೆ ಅಮೆರಿಕದ ಮನೆಗಳ ಜಿಪ್ಸಮ್ ಗೋಡೆಯನ್ನು ದಾಟಿ ಮಕ್ಕಳ ಕೋಣೆಗೆ ಹೋಗುತ್ತದೆ. ಆಗ ಅವನು ಕೊನೆಯ ಬಾಣ ತೆಗೆಯುತ್ತಾನೆ: ಹೊಡೆಯುವ ಮಾತೇ ಬರುವುದಿಲ್ಲ, ಪಂಪು ಎಳೆದ ‘ಚಕ್ ಚಕ್’ ಸದ್ದಿಗೇ ಕಳ್ಳ ಓಡುತ್ತಾನೆ. ಸದ್ದೇ ಸಾಕೆನ್ನುವುದಾದರೆ ಸ್ಟಾಕಿನ ಬಗ್ಗೆ ಇಷ್ಟು ತಿಂಗಳ ಧ್ಯಾನ ಯಾಕೆ? ಗಾಬರಿಯಲ್ಲಿ ಪಂಪನ್ನು ಅರ್ಧಕ್ಕೇ ಎಳೆದು ಬಿಟ್ಟರೆ ಚಕ್ ಒಂದೇ ಆಗಿ ತೋಟಾ ಒಳಗೇ ಸಿಕ್ಕಿಕೊಳ್ಳುತ್ತದೆ. ಪಂಪ್ ಕೋವಿ ಸಾಮಾನ್ಯವಾಗಿ ಕೈಕೊಡುವುದೇ ಹಾಗೆ. ಇಂಥ ಸದ್ದಿನ ಭಕ್ತರಲ್ಲಿ ದೊಡ್ಡವರೂ ಇದ್ದಾರೆನ್ನಿ. 2013ರಲ್ಲಿ ಉಪಾಧ್ಯಕ್ಷರಾಗಿದ್ದ ಜೋ ಬೈಡನ್, ತೊಂದರೆ ಬಂದರೆ ಬಾಲ್ಕನಿಗೆ ಹೋಗಿ ಜೋಡಿ ನಳಿಗೆಯಿಂದ ಎರಡು ಈಡು ಹೊಡೆ ಎಂದು ಹೆಂಡತಿಗೆ ಹೇಳಿಟ್ಟಿದ್ದಾಗಿ ದೇಶಕ್ಕೇ ತಿಳಿಸಿದ್ದರು.

ಊರಿಂದ ದೂರದ ಒಂಟಿ ಮನೆ, ಪೊಲೀಸರು ಬರಲು ಅರ್ಧ ಗಂಟೆ. ಅಂಥವರ ಭಯವನ್ನು ನಗೆಯಾಡುವುದು ಸರಿಯೇ ಎಂದರೆ, ಸರಿಯಲ್ಲ. ನಗು ಭಯದ ಮೇಲಲ್ಲ. ನಿಜವಾಗಿ ಭಯವಿದ್ದವನು ಸಾದಾ ಕೋವಿ ತಂದು, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ, ತಿಂಗಳಿಗೊಮ್ಮೆ ಗುರಿ ಅಭ್ಯಾಸದ ರೇಂಜಿಗೆ ಹೋಗುತ್ತಾನೆ. ಅಮೆರಿಕದಲ್ಲಿ ಗುಂಡಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು ಎಂಬುದನ್ನು ನೆನೆದರೆ, ಮನೆಗಾವಲಿನ ಮೊದಲ ಖರೀದಿ ಆ ಬೀಗವೇ ಆಗಬೇಕು. ನಮ್ಮ ಗೃಹಸ್ಥನ ಪಟ್ಟಿಯಲ್ಲಿ ಟಾರ್ಚಿದೆ, ತೋಟಾ ಸಿಕ್ಕಿಸುವ ಪಟ್ಟಿಯಿದೆ, ಲೇಸರ್ ಕೂಡ ಇದೆ. ಬೀಗ ಮಾತ್ರ ಇಲ್ಲ.

ಕೋವಿ ಮನೆಯ ಪದಾರ್ಥವಾಗಿರುವ ಇನ್ನೊಂದು ನಾಡು ನಮ್ಮಲ್ಲೇ ಇದೆ, ಕೊಡಗು. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯವರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದ್ದು, ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜೆಯಾಗುತ್ತದೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಅಲ್ಲಿ ಕೋವಿಯ ಹಿಂಭಾಗ ಯಾವ ಶೈಲಿಯದೆಂದು ಯಾರೂ ಕೇಳುವುದಿಲ್ಲ. ಕಾಯಿ ಒಡೆಯಿತೋ ಇಲ್ಲವೋ ಎಂದು ಕೇಳುತ್ತಾರೆ. ಓಹಾಯೋದ ಗೃಹಸ್ಥರೇ, ಕೊಳ್ಳುವುದೇ ಆದರೆ ನಿಮ್ಮಾಕೆಯ ತೋಳಿನ ಅಳತೆಯ ಸಾದಾ ಸ್ಟಾಕು ಕೊಳ್ಳಿ, ಗಟ್ಟಿ ಬೀಗವೊಂದು ಕೊಳ್ಳಿ, ಲೇಸರಿಗೆ ಎತ್ತಿಟ್ಟ ಹಣದಲ್ಲಿ ತೋಟಾ ಕೊಂಡು ಇಬ್ಬರೂ ರೇಂಜಿಗೆ ಹೋಗಿ ಬನ್ನಿ.