ಜಗಳಕ್ಕೂ ಒಂದು ಭಾಷೆ ಬೇಕು

ಮಕ್ಕಳನ್ನು ಕಟ್ಟಿಕೊಂಡು ಪರದೇಶಕ್ಕೆ ಹೊರಟವರಿಗೆ ನಮ್ಮ ಬಂಧುಬಳಗ ಹೇಳುವ ಧೈರ್ಯದ ಮಾತು ಒಂದೇ: "ಮಕ್ಕಳ ಚಿಂತೆ ಬಿಡಿ, ಅವು ಹೇಗಾದ್ರೂ ಕಲ್ತುಬಿಡ್ತವೆ." ಹಾಗೆ ಹೇಳುವವರ ಬಳಿ ಯಾರದೋ ಮನೆಯ ನಾಲ್ಕು ವರ್ಷದ ಮಗುವಿನ ಕಥೆಯೊಂದು ಸದಾ ತಯಾರಿರುತ್ತದೆ. ಆ ಮಗು ಆರೇ ತಿಂಗಳಲ್ಲಿ ಅಲ್ಲಿನ ಭಾಷೆ ಕಲಿತು, ಅಪ್ಪ ಅಮ್ಮನ ಉಚ್ಚಾರ ತಿದ್ದಿ, ಅಂಗಡಿಯಲ್ಲಿ ಅವರ ಪರವಾಗಿ ವ್ಯವಹಾರವನ್ನೂ ಮಾಡಿರುತ್ತದೆ. ಆ ಮಗು ನನಗಿನ್ನೂ ಎಲ್ಲೂ ಸಿಕ್ಕಿಲ್ಲ. ನಮ್ಮನೆಯಲ್ಲಿದ್ದದ್ದು ಎಂಟನೇ ಕ್ಲಾಸು ಮುಗಿಸಿದ ಮಗಳು, ಐದು ಮುಗಿಸಿದ ಮಗ. ನಾಲ್ಕು ವರ್ಷಕ್ಕೆ "ಕೊಡು", "ನಂದು", "ಬೇಡ" ಇಷ್ಟಿದ್ದರೆ ಸಂಸಾರ ಸಾಗುತ್ತದೆ. ಹದಿನಾಲ್ಕಕ್ಕೆ ಗುಟ್ಟು, ಚಾಡಿ, ನೆಪ, ವ್ಯಂಗ್ಯ, ಅರ್ಧ ಸತ್ಯ ಎಲ್ಲವೂ ಬೇಕು. ಇವನ್ನು ಭಾಷೆ ಕಲಿಸುವ ಯಾವ ಪುಸ್ತಕದಲ್ಲೂ ಹಾಕಿರುವುದಿಲ್ಲ. ಅಲ್ಲಿ ರೈಲ್ವೆ ಸ್ಟೇಷನ್ನಿಗೆ ದಾರಿ ಕೇಳುವುದನ್ನು ಹೇಳಿಕೊಟ್ಟಿರುತ್ತಾರೆ.

ನಮ್ಮವರ ಕಂಪನಿ ಅವರನ್ನು ಜರ್ಮನಿಯ ಸ್ಟುಟ್‌ಗಾರ್ಟಿಗೆ ಕಳಿಸುವುದು ಖಾತ್ರಿಯಾದ ರಾತ್ರಿಯೇ ಅವರು ಎಕ್ಸೆಲ್ ಶೀಟು ತೆರೆದು ಕೂತರು. ಬೆಂಗಳೂರಿನಲ್ಲಿ ಶಾಲೆ ಹುಡುಕಿ ಪಳಗಿದ ಕೈ. ಇಲ್ಲಿ ಪ್ರಶ್ನೆಗಳು ಸರಳ: ಸ್ಟೇಟೋ, ಸಿಬಿಎಸ್‌ಇಯೋ, ಐಸಿಎಸ್‌ಇಯೋ, ಡೊನೇಷನ್ ಎಷ್ಟು, ದಾರಿಯಲ್ಲಿ ಸಿಲ್ಕ್ ಬೋರ್ಡ್ ಬರುತ್ತದೋ ಇಲ್ಲವೋ. ಜರ್ಮನಿಗೆ ಆ ಶೀಟಿನ ಕಾಲಂಗಳು ಸಾಲಲಿಲ್ಲ. ಅಲ್ಲಿ ಶಿಕ್ಷಣ ಆಯಾ ರಾಜ್ಯದ ಸೊತ್ತು. 16 ರಾಜ್ಯ, 16 ರೀತಿ. ಸ್ಟುಟ್‌ಗಾರ್ಟ್ ಇರುವ ಬಾಡೆನ್ ವುರ್ಟೆಂಬೆರ್ಗಿನಲ್ಲಿ ಮಕ್ಕಳು ನಾಲ್ಕನೇ ಕ್ಲಾಸಿನವರೆಗೆ ಒಟ್ಟಿಗೆ ಓದುತ್ತಾರೆ. ಆಮೇಲೆ ದಾರಿ ಕವಲೊಡೆಯುತ್ತದೆ. ಯೂನಿವರ್ಸಿಟಿಯ ಕಡೆ ಮುಖ ಮಾಡಿದ ಗಿಮ್ನಾಸಿಯುಮ್, ಹತ್ತನೆಯವರೆಗಿನ ರಿಯಾಲ್‌ಶೂಲೆ, ಕೆಲಸ ಕಲಿಯುವವರಿಗೆ ಇನ್ನೊಂದು, ಎಲ್ಲರನ್ನೂ ಒಟ್ಟಿಗೆ ಕೂರಿಸುವ ಮತ್ತೊಂದು. ಫೋನಿನಲ್ಲಿ ಇದನ್ನು ಕೇಳಿಸಿಕೊಂಡ ಶಿವಮೊಗ್ಗದ ನಮ್ಮತ್ತೆ ಅಂದರು, "ಹತ್ತು ವರ್ಷಕ್ಕೇ ಹಣೆಬರಹ ಬರೀತಾರೇನೋ? ನಮ್ಮಲ್ಲಿ ಸಿಇಟಿ ತನಕನಾದ್ರೂ ಕಾಯ್ತಾರಪ್ಪ."

ನಮ್ಮವರಿಗೆ ಗಿಮ್ನಾಸಿಯುಮ್ ಬಿಟ್ಟರೆ ಬೇರೆ ಯಾವುದೂ ಕಣ್ಣಿಗೆ ಬೀಳಲಿಲ್ಲ. ರಿಯಾಲ್‌ಶೂಲೆ ಮುಗಿಸಿದ ಮಕ್ಕಳು ಅಲ್ಲಿಂದ ಇನ್ನೊಂದು ಬಗೆಯ ಗಿಮ್ನಾಸಿಯುಮ್‌ಗೆ ಹೋಗಿ, ಆಬಿಟೂರ್ ಎಂಬ ಕೊನೆಯ ಪರೀಕ್ಷೆ ಬರೆದು ಯೂನಿವರ್ಸಿಟಿಗೂ ಸೇರಬಹುದು ಎಂದು ಅವರ ಜರ್ಮನ್ ಸಹೋದ್ಯೋಗಿ ಬಿಡಿಸಿ ಹೇಳಿದರು. ಓದು ಬೇಡವೆಂದವರು ಸಂಬಳ ಪಡೆಯುತ್ತಲೇ ಕೆಲಸ ಕಲಿಯುವ ದಾರಿಯೂ ಅಲ್ಲಿದೆ, ಅದರ ಬಗ್ಗೆ ಯಾರಿಗೂ ಕೀಳರಿಮೆ ಇಲ್ಲ ಎಂದೂ ಹೇಳಿದರು. ಇವರು ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು ಬಂದು ಗಿಮ್ನಾಸಿಯುಮ್‌ನ ಕಾಲಮ್ಮಿಗೆ ಹಸಿರು ಬಣ್ಣ ಹಚ್ಚಿದರು.

ಇಂಗ್ಲಿಷಿನಲ್ಲೇ ಕಲಿಸುವ ಇಂಟರ್‌ನ್ಯಾಷನಲ್ ಶಾಲೆಯೂ ಶೀಟಿನಲ್ಲಿತ್ತು, ಒಂದು ಸಂಜೆಯ ಮಟ್ಟಿಗೆ. ಫೀಜು ವರ್ಷಕ್ಕೆ 20,000 ಯೂರೋ ಮೀರುತ್ತದೆ ಎಂದು ತಿಳಿದು, ರೂಪಾಯಿಗೆ ಬದಲಾಯಿಸಿ, ಎರಡರಿಂದ ಗುಣಿಸಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಸರ್ಕಾರಿ ಶಾಲೆಗಳಲ್ಲಿ ಫೀಜೇ ಇಲ್ಲ. "ಭಾಷೆ ಕಲಿಯೋಕೆ ಅಂತಲೇ ಅಲ್ವಾ ಹೋಗ್ತಿರೋದು" ಎಂದು ನಮ್ಮವರು ಅಂದರು. ಅಲ್ಲಿಯವರೆಗೆ ನಾವು ಹೋಗುತ್ತಿದ್ದದ್ದು ಬೇರೇನಕ್ಕೋ.

ಮನೆಯಲ್ಲೇ ಕೂರಿಸಿ ಆನ್‌ಲೈನಿನಲ್ಲಿ ಸಿಬಿಎಸ್‌ಇ ಓದಿಸಿ ಎಂದರು ಒಬ್ಬ ಗೆಳೆಯರು. ಜರ್ಮನಿಯಲ್ಲಿ ಅದು ನಡೆಯುವುದಿಲ್ಲ. ಮಗು ಶಾಲೆಗೆ ಹೋಗಲೇಬೇಕು, ಅದು ಕಾನೂನು. ಹೋಗಬೇಕಾದರೆ ದಡಾರದ ಲಸಿಕೆ ಎರಡು ಸಲ ಹಾಕಿಸಿದ್ದಕ್ಕೆ ದಾಖಲೆ ತೋರಿಸಬೇಕು. 2020ರಿಂದ ಅದೂ ಕಾನೂನು. ಮಗಳ ಪರ್ಸೆಂಟೇಜು, ಅಬಾಕಸ್ ಸರ್ಟಿಫಿಕೇಟು, ಭರತನಾಟ್ಯ ಜೂನಿಯರ್ ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸಿಟ್ಟಿದ್ದೆವು. ಯಾರೂ ಕೇಳಲಿಲ್ಲ. ಕೇಳಿದ್ದು ಆ ಲಸಿಕೆ ಕಾರ್ಡು ಒಂದನ್ನೇ. ಅತ್ತೆ ಅದನ್ನು ಬೀರುವಿನ ಲಾಕರಿನಲ್ಲಿ, ಮನೆ ಪತ್ರದ ಜೊತೆ, ಮಗಳ ಮೊದಲ ಕಾಲ್ಗೆಜ್ಜೆ ಸುತ್ತಿಟ್ಟ ಹಳದಿ ಕಾಗದದಡಿಯಲ್ಲಿ ಪತ್ತೆ ಮಾಡಿ, ಫೋಟೋ ತೆಗೆದು ಕಳಿಸಿದರು. ಫೋಟೋದಲ್ಲಿ ಕಾರ್ಡಿಗಿಂತ ಅವರ ಹೆಬ್ಬೆರಳೇ ಹೆಚ್ಚು ಕಾಣುತ್ತಿತ್ತು.

ಅಲ್ಲಿಗೆ ಹೋದ ಮೇಲೆ ಎಕ್ಸೆಲ್ ಶೀಟು ತಾನಾಗಿಯೇ ಕುಗ್ಗಿತು. ಭಾಷೆ ಬಾರದೆ ಬಂದ ದೊಡ್ಡ ಮಕ್ಕಳನ್ನು ಮೊದಲು ಜರ್ಮನ್ ಕಲಿಸುವ ತಯಾರಿ ತರಗತಿಗೆ ಸೇರಿಸುತ್ತಾರೆ. ಗಣಿತ, ಇಂಗ್ಲಿಷ್, ಆಟಕ್ಕೆ ನಿಧಾನವಾಗಿ ಉಳಿದವರ ಜೊತೆ ಬಿಡುತ್ತಾರೆ. ಇಂಥ ತರಗತಿ ಎಲ್ಲ ಶಾಲೆಗಳಲ್ಲಿ ಇರುವುದಿಲ್ಲ. ನಮ್ಮ ಪಾಲಿಗೆ ಉಳಿದದ್ದು ಎರಡು. ಒಂದು ಗಿಮ್ನಾಸಿಯುಮ್, ಎರಡು ಟ್ರಾಮು ಬದಲಾಯಿಸಿ ಹೋಗಬೇಕು. ಕಾರಿಡಾರಿನಲ್ಲಿ ನಮ್ಮ ಚಪ್ಪಲಿಯ ಸದ್ದು ನಮಗೇ ಕೇಳಿ ಮುಜುಗರವಾಗುವಷ್ಟು ಶಿಸ್ತು. ಇನ್ನೊಂದು ಮನೆ ಹತ್ತಿರದ ರಿಯಾಲ್‌ಶೂಲೆ. ನಾವು ಹೋದಾಗ ಅಲ್ಲಿ ಇಂಟರ್‌ವೆಲ್ಲು. ಮೆಟ್ಟಿಲ ಮೇಲೊಬ್ಬ ಹುಡುಗ ಅರಬ್ಬಿಯಲ್ಲಿ ಕೂಗುತ್ತಿದ್ದ, ಕೆಳಗಿನಿಂದ ಒಬ್ಬಳು ಟರ್ಕಿಷಿನಲ್ಲಿ ಉತ್ತರಿಸುತ್ತಿದ್ದಳು, ಇಬ್ಬರಿಗೂ ಅರ್ಥವಾಗುತ್ತಿದ್ದಂತೆ ಕಂಡಿತು. ಮಗಳು ನಮ್ಮ ಮುಖ ನೋಡದೆ "ಇದೇ ಇರಲಿ" ಅಂದಳು. ಗದ್ದಲಕ್ಕೆಂದು ನಮ್ಮವರ ಶೀಟಿನಲ್ಲಿ ಕಾಲಂ ಇರಲಿಲ್ಲ.

ಮಗನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹನ್ನೊಂದು ವರ್ಷದ ಗಂಡುಹುಡುಗನಿಗೆ ಒಂದು ಚೆಂಡಿದ್ದರೆ ವ್ಯಾಕರಣದ ಅಗತ್ಯ ಬೀಳುವುದಿಲ್ಲ. ಅವನು ಎಡವಿದ್ದು ಯಾವ ದೇಶದಲ್ಲೂ ಒಂದೇ ಎಂದು ನಾವು ನಂಬಿದ್ದ ಗಣಿತದಲ್ಲಿ. ಜರ್ಮನರು ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, ಸಾವಿರಕ್ಕೆ ಚುಕ್ಕಿ ಇಡುತ್ತಾರೆ. ಬೇಕರಿಯವನು 1.500 ಗ್ರಾಂ ಹಿಟ್ಟು ತಂದ ಎಂಬ ಲೆಕ್ಕಕ್ಕೆ ನಮ್ಮ ಹುಡುಗ ಒಂದೂವರೆ ಗ್ರಾಂ ಎಂದೇ ಹಿಡಿದು, ಬ್ರೆಡ್ಡು ಒಂದೊಂದೂ ಕಣ್ಣಿಗೆ ಕಾಣದಷ್ಟು ಹಗುರವಾದರೂ ಹೆದರದೆ ಕೊನೆಯವರೆಗೆ ಮಾಡಿ ಬಂದಿದ್ದ. ಸಿಕ್ಕಿದ್ದು 5. ಅಲ್ಲಿ 1 ಎಂದರೆ ಅತ್ಯುತ್ತಮ, 6 ಎಂದರೆ ಪಾತಾಳ. ಅತ್ತೆಗೆ ನಾವು ಈ ಕ್ರಮ ವಿವರಿಸಲಿಲ್ಲ. ಆ ಟೆಸ್ಟಿನ ಐದಕ್ಕೆ ಅವರು ಗಣಪತಿಗೆ ಗರಿಕೆ ಏರಿಸಿ ಬಂದರು.

ಮಗಳದು ಬೇರೆ ಕಥೆ. ಯುಕೆಜಿಯಿಂದ ಎಂಟನೆಯವರೆಗೆ ಅವಳ ಪ್ರೋಗ್ರೆಸ್ ಕಾರ್ಡಿನಲ್ಲಿ ತಪ್ಪದೆ ಬಂದ ಷರಾ ಒಂದೇ: ವಿಪರೀತ ಮಾತು. ಟೀಚರುಗಳು ಅವಳ ಜಾಗ ಬದಲಾಯಿಸಿ, ಹುಡುಗರ ಪಕ್ಕ ಕೂರಿಸಿ, ಕೊನೆಗೆ ಮೇಜಿನ ಪಕ್ಕವೇ ಕೂರಿಸಿಕೊಂಡು ಸೋತಿದ್ದರು. ಮನೆಯಲ್ಲೂ ಒಂದು ಹೇಳಿದರೆ ನಾಲ್ಕು. ಆ ಹುಡುಗಿ ಸ್ಟುಟ್‌ಗಾರ್ಟಿನಲ್ಲಿ ಬೆಳಗ್ಗೆ ಏಳೂಕಾಲಿಗೆ ಬಾಯಿ ಮುಚ್ಚಿಕೊಂಡು ಹೊರಟರೆ ಒಂದು ಗಂಟೆಗೆ ಹಾಗೆಯೇ ವಾಪಸು ಬರುತ್ತಿದ್ದಳು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮಾತು ಬಾರದವಳಿಗೂ ಇಲ್ಲ ಎಂಬುದನ್ನು ಆ ಗಾದೆ ಕಟ್ಟಿದವರು ನೋಡಿರಲಿಲ್ಲ.

ಮೊದಲ ಸಲ ಟೀಚರನ್ನು ಕಾಣಲು ಹೋದಾಗ ಅವರು ಚಿಂತೆಯಿಂದ ಹೇಳಿದರು, "ನಿಮ್ಮ ಮಗಳು ತುಂಬಾ ಶಾಂತ." ನಮ್ಮವರ ಮುಖ ಅರಳಿತು. ಒಂಬತ್ತು ವರ್ಷದಿಂದ ಕೇಳಬೇಕೆಂದಿದ್ದ ಮಾತು. ಅವರು ಎದ್ದು ನಿಂತು ಕೈ ಮುಗಿಯುವುದೊಂದು ಬಾಕಿ. ಟೀಚರು ಗಾಬರಿಯಾಗಿ ವಿವರಿಸಿದರು: ಇಲ್ಲಿ ಬರವಣಿಗೆಯಷ್ಟೇ ಅಲ್ಲ, ಕ್ಲಾಸಿನಲ್ಲಿ ಕೈ ಎತ್ತಿ ಮಾತಾಡಿದ್ದಕ್ಕೂ ಅಂಕ ಇದೆ, ಸುಮ್ಮನೆ ಕೂತವರಿಗೆ ಅದು ಹೋಗುತ್ತದೆ. ಇಷ್ಟು ವರ್ಷ ಯಾವುದಕ್ಕೆ ಬೈಸಿಕೊಂಡಳೋ ಅದಕ್ಕೇ ಮಾರ್ಕ್ಸ್ ಕೊಡುವ ದೇಶಕ್ಕೆ ಬಂದು, ಈಗ ಇವಳು ಮೌನಗೌರಿ.

ಮನೆಯಲ್ಲಿ ನಾವೂ ಜರ್ಮನ್ನಿನಲ್ಲೇ ಮಾತಾಡಬೇಕೇ ಎಂದು ಕೇಳಿದೆ. ಬೇಡ, ಕನ್ನಡವನ್ನೇ ಚೆನ್ನಾಗಿ ಮಾತಾಡಿ, ಅದು ಗಟ್ಟಿಯಿದ್ದರೆ ಇದೂ ಬರುತ್ತದೆ ಎಂದರು. ನನ್ನ ಜರ್ಮನ್ ಕೇಳಿದ ಮೇಲೆ ಕೊಟ್ಟ ಸಲಹೆ ಅದು, ಎರಡು ಅರ್ಥವೂ ಇದ್ದೀತು. ಸಾಲದ್ದಕ್ಕೆ ಪುಸ್ತಕದ ಜರ್ಮನ್ ಬೇರೆ, ಮೆಟ್ಟಿಲಿನಲ್ಲಿ ಸಿಗುವ ಪಕ್ಕದ ಮನೆ ಅಜ್ಜಿಯ ಶ್ವೇಬಿಷ್ ಬೇರೆ. ರೇಡಿಯೋ ವಾರ್ತೆ ಕೇಳಿ ಕನ್ನಡ ಕಲಿತವನನ್ನು ನೇರ ಕುಂದಾಪುರದ ಮೀನು ಮಾರ್ಕೆಟ್ಟಿಗೆ ಬಿಟ್ಟ ಹಾಗಾಗಿತ್ತು ಮಕ್ಕಳ ಸ್ಥಿತಿ.

ನಮ್ಮವರು ಸ್ಫೂರ್ತಿ ತುಂಬುವ ಕೆಲಸ ವಹಿಸಿಕೊಂಡರು. ಸ್ಟುಟ್‌ಗಾರ್ಟಿನಿಂದ ಟ್ಯೂಬಿಂಗೆನ್ ದೂರವಿಲ್ಲ. ಕಿಟ್ಟೆಲ್ ಸಾಹೇಬರು 1903ರಲ್ಲಿ ತೀರಿಕೊಂಡ ಊರು. ಒಂದು ಭಾನುವಾರ ಅಲ್ಲಿಗೆ ಕರೆದೊಯ್ದು, ನೆಕ್ಕರ್ ನದಿಯ ದಂಡೆಯಲ್ಲಿ ನಿಲ್ಲಿಸಿ ಶುರುಮಾಡಿದರು: "ನೋಡು ಪುಟ್ಟಿ, 1853ರಲ್ಲಿ ಅವರು ನಮ್ಮ ಕಡೆ ಬಂದಾಗ ಇಪ್ಪತ್ತೊಂದು ವರ್ಷ. ಕನ್ನಡದ ಒಂದಕ್ಷರ ಗೊತ್ತಿರಲಿಲ್ಲ. 1894ಕ್ಕೆ ಎಂಥಾ ನಿಘಂಟು ಮಾಡಿಕೊಟ್ರು!" ಮಗಳು ಐಸ್‌ಕ್ರೀಮಿನಿಂದ ತಲೆಯೆತ್ತಲಿಲ್ಲ. "ನಲವತ್ತೊಂದು ವರ್ಷ ತಗೊಂಡ್ರಲ್ಲಪ್ಪ. ನಂಗೆ ಬಯಾಲಜಿ ಟೆಸ್ಟು ಗುರುವಾರ."

ಕೊನೆಗೆ ಅವಳಿಗೆ ಭಾಷೆ ಕಲಿಸಿದ್ದು ಕಿಟ್ಟೆಲ್ಲೂ ಅಲ್ಲ, ಟೀಚರೂ ಅಲ್ಲ. ತಯಾರಿ ತರಗತಿಯಲ್ಲಿ ಪಕ್ಕ ಕೂರುತ್ತಿದ್ದ ಉಕ್ರೇನಿನ ಹುಡುಗಿ. ಚೆನ್ನಾಗಿ ಮಾತಾಡುವವರೆದುರು ಬಾಯಿ ಬಿಡಲು ದೊಡ್ಡ ಮಕ್ಕಳಿಗೆ ಮಾನ ಅಡ್ಡ ಬರುತ್ತದೆ. ಅಷ್ಟೇ ಹರಕು ಮುರುಕು ಮಾತಾಡುವವರೆದುರು ಬರುವುದಿಲ್ಲ. ಇಬ್ಬರೂ ತಪ್ಪು ತಪ್ಪೇ ಜರ್ಮನ್ನಿನಲ್ಲಿ ಗಂಟೆಗಟ್ಟಲೆ ಹರಟಿ, ಒಂದು ಸಂಜೆ ಫೋನಿನಲ್ಲಿ ಜಗಳಕ್ಕೆ ಬಿದ್ದರು. ಕಿಟಕಿ ಪಕ್ಕದ ಸೀಟಿನ ವಿಷಯವಂತೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ನನಗೆ ಒಂದು ಪದವೂ ತಿಳಿಯಲಿಲ್ಲ, ಆದರೆ ರಾಗ ತಿಳಿಯಿತು. ಮೊದಲು ತಗ್ಗು ದನಿಯಲ್ಲಿ ಒಂದು ಪ್ರಶ್ನೆ, ಆಮೇಲೆ ಅಣಕ, ಆಮೇಲೆ ಹಳೇ ಲೆಕ್ಕ ತೆಗೆಯುವುದು, ಕೊನೆಗೆ ಫೋನಿಡುವ ಮುನ್ನ ಒಂದು ಖಡಕ್ ವಾಕ್ಯ. ನನ್ನೊಡನೆ ಕನ್ನಡದಲ್ಲಿ ಮಾಡುತ್ತಿದ್ದದ್ದೂ ಇದೇ ವರಸೆ. ಸಾಸಿವೆ ಸೀದುಹೋದದ್ದು ಗೊತ್ತಾಗಲಿಲ್ಲ.

ಮುಂದಿನ ವರ್ಷ ಶಾಲೆಯಿಂದ ಕರೆ ಬಂತು. ಹೊಸ ಟೀಚರು ಬಿಗಿ ಮುಖ ಮಾಡಿ ಕೂತಿದ್ದರು. ಪಾಠದ ನಡುವೆ ಮಾತಾಡುತ್ತಾಳೆ, ಅಕ್ಕಪಕ್ಕದವರನ್ನು ನಗಿಸುತ್ತಾಳೆ, ಏನಾದರೂ ಹೇಳಿದರೆ ವಾದಕ್ಕೇ ನಿಲ್ಲುತ್ತಾಳೆ ಎಂದು ಒಂದೊಂದಾಗಿ ಪಟ್ಟಿ ಒಪ್ಪಿಸಿದರು. ನಮ್ಮವರು ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದರು, "ಜರ್ಮನ್ನಿನಲ್ಲಾ?"

"ಮತ್ತೆ? ಜರ್ಮನ್ನಿನಲ್ಲೇ."

ಇವರು ಟೀಚರ ಕೈ ಹಿಡಿದು ಕುಲುಕಿದರು. ಟೀಚರು ಪಾಪ ನನ್ನ ಮುಖ ನೋಡಿದರು. ನಾನೂ ನಗುತ್ತಿದ್ದೆ. ಇಂಥ ತಂದೆತಾಯಿಗೆ ಇಂಥ ಮಗಳು ಹುಟ್ಟದೆ ಇನ್ನೇನು ಎಂದು ಅವರಿಗೆ ಅನ್ನಿಸಿರಬೇಕು.

ಆದರೂ ತಾಯಿಯಾದವಳು ಕರ್ತವ್ಯ ಬಿಡಬಾರದಲ್ಲ. ಮನೆಗೆ ಬಂದು ಕನ್ನಡದಲ್ಲಿ ಗದರಿಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ಎಲ್ಲವನ್ನೂ ಕೇಳಿಸಿಕೊಂಡು, ಜರ್ಮನ್ನಿನಲ್ಲಿ ಉದ್ದವಾದದ್ದೊಂದು ಹೇಳಿ ಕೋಣೆಗೆ ಹೋದಳು. ತಮ್ಮ ಕಿಸಕ್ಕನೆ ನಕ್ಕ. ಏನಂದಳೋ ಎಂದರೆ ಬಾಯಿ ಬಿಡಲಿಲ್ಲ. ಮರುದಿನವೇ ಟ್ರಾಮು ಹತ್ತಿ ಹೋಗಿ, ದೊಡ್ಡವರಿಗೆ ಸಂಜೆ ಪಾಠ ಹೇಳುವ ಫೋಲ್ಕ್ಸ್‌ಹೋಕ್‌ಶೂಲೆಯಲ್ಲಿ ಹೆಸರು ಬರೆಸಿದೆ. ಯಾಕೆ ಕಲಿಯಬೇಕೆಂದಿದ್ದೀರಿ ಎಂಬ ಪ್ರಶ್ನೆಗೆ ಫಾರಮ್ಮಿನಲ್ಲಿ ಕೊಟ್ಟಿದ್ದದ್ದು ಉದ್ಯೋಗ, ಪೌರತ್ವ, ಆಸಕ್ತಿ, ಈ ಮೂರೇ ಖಾನೆ. ಮಗಳು ಬೈದದ್ದಕ್ಕೆ ತಿರುಗಿ ಬೈಯಲು ಎಂಬುದಕ್ಕೆ ಜಾಗವಿರಲಿಲ್ಲವಾದ್ದರಿಂದ ಆಸಕ್ತಿ ಎಂಬಲ್ಲಿ ಗುರುತು ಹಾಕಿ ಬಂದೆ.